ಚಾಂಗಿಯ ಮೂಲಕ ಕಡಿಮೆ ಖರ್ಚಿನಲ್ಲಿ: ಟಿಕೆಟ್ ಹುಡುಕುವುದರಿಂದ ಗೇಟ್ ಸೇರುವವರೆಗೆ

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ದಾರಿ ತಪ್ಪುವುದು ಕಷ್ಟ. ಫಲಕಗಳು ದೂರದಿಂದಲೇ ಕಾಣುತ್ತವೆ, ಕೇಳಿದರೆ ತಾಳ್ಮೆಯಿಂದ ಹೇಳುವ ಸಿಬ್ಬಂದಿ ಇದ್ದಾರೆ, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗಲು ಕಾಸು ಕೊಡಬೇಕಾಗಿಲ್ಲ. ಆದರೂ ಅಲ್ಲಿನ ಟ್ರಾನ್ಸ್‌ಫರ್ ಕೌಂಟರ್‌ಗಳ ಮುಂದೆ ಕಂಗಾಲಾಗಿ ನಿಂತ ಪ್ರಯಾಣಿಕರು ಕಾಣಸಿಗುತ್ತಾರೆ. ಅವರ ಕಷ್ಟ ಹೆಚ್ಚಾಗಿ ಶುರುವಾಗಿರುವುದು ಟಿಕೆಟ್ ಕೊಂಡ ದಿನವೇ: ಎರಡು ಬೇರೆ ಬೇರೆ ಬುಕಿಂಗ್, ನಡುವೆ ಸಾಲದ ಸಮಯ, ಕೈಯಲ್ಲಿಲ್ಲದ ವೀಸಾ. ಹಾಗಾಗಿ ಟಿಕೆಟ್ ಹುಡುಕುವ ಕೆಲಸವನ್ನೂ ನಿಲ್ದಾಣದೊಳಗಿನ ಓಡಾಟವನ್ನೂ ಇಲ್ಲಿ ಒಂದೇ ಎಳೆಯಾಗಿ ಹೇಳುತ್ತಿದ್ದೇನೆ. ಸಿಂಗಪುರಕ್ಕೇ ಹೋಗುವವರಿಗೂ, ಅಲ್ಲಿ ವಿಮಾನ ಬದಲಿಸಿ ಆಸ್ಟ್ರೇಲಿಯಾ, ಇಂಡೊನೇಷ್ಯಾ, ಜಪಾನ್‌ಗಳತ್ತ ಹೊರಡುವವರಿಗೂ ಇದು ಉಪಯೋಗಕ್ಕೆ ಬರಬೇಕು.

ಮೊದಲ ಹೆಜ್ಜೆ: ತಾರೀಖನ್ನು ಸಡಿಲ ಬಿಡಿ

ಒಂದೇ ತಾರೀಖನ್ನು ಹಿಡಿದು ಹತ್ತು ಜಾಲತಾಣಗಳಲ್ಲಿ ಹುಡುಕುವುದಕ್ಕಿಂತ, ಒಂದೇ ಜಾಲತಾಣದಲ್ಲಿ ಮೂವತ್ತು ತಾರೀಖುಗಳನ್ನು ನೋಡುವುದರಿಂದ ಹೆಚ್ಚು ಹಣ ಉಳಿಯುತ್ತದೆ. ಗೂಗಲ್ ಫ್ಲೈಟ್ಸ್‌ನಲ್ಲಿ ತಾರೀಖಿನ ಚೌಕದ ಮೇಲೆ ಒತ್ತಿದರೆ ಕ್ಯಾಲೆಂಡರ್ ತೆರೆದುಕೊಂಡು ಪ್ರತಿ ದಿನದ ಕೆಳಗೂ ದರ ಕಾಣಿಸುತ್ತದೆ. ಸ್ಕೈಸ್ಕ್ಯಾನರ್‌ನಲ್ಲಿ ತಾರೀಖಿನ ಬದಲು ಇಡೀ ತಿಂಗಳನ್ನೇ ಆರಿಸಿಕೊಳ್ಳಬಹುದು. ಹೋಗುವ ದಿನವನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಿ ನೋಡಿ. ಬಳಿಕ ಹಿಂತಿರುಗುವ ದಿನವನ್ನು ಹಾಗೆಯೇ ಅಲುಗಾಡಿಸಿ.

ಸಿಂಗಪುರದ ಮಟ್ಟಿಗೆ ದುಬಾರಿ ದಿನಗಳು ಯಾವುವೆಂದು ಮೊದಲೇ ಗೊತ್ತಿರುತ್ತದೆ. ಜನವರಿ-ಫೆಬ್ರವರಿಯಲ್ಲಿ ಬರುವ ಚೀನೀ ಹೊಸ ವರ್ಷ, ಅಲ್ಲಿನ ಶಾಲೆಗಳಿಗೆ ರಜೆ ಇರುವ ಜೂನ್ ಮತ್ತು ನವೆಂಬರ್-ಡಿಸೆಂಬರ್, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ನಡೆಯುವ ಫಾರ್ಮುಲಾ ಒನ್ ರಾತ್ರಿ ರೇಸ್. ನೀವು ಸಿಂಗಪುರದಲ್ಲಿ ಇಳಿಯದೆ ಮುಂದೆ ಹೋಗುವವರಾದರೂ ಇದರ ಬಿಸಿ ತಟ್ಟುತ್ತದೆ, ಏಕೆಂದರೆ ಕೂರುವುದು ಅದೇ ವಿಮಾನದ ಅದೇ ಸೀಟುಗಳಲ್ಲಿ.

ಇಂಥ ವಾರದ ಇಂಥ ದಿನ ಟಿಕೆಟ್ ಕೊಂಡರೆ ಅಗ್ಗ ಎಂಬ ಮಾತನ್ನು ನಂಬಿ ಕಾಯಬೇಡಿ. ದರ ಬದಲಾದಾಗ ಸಂದೇಶ ಕಳಿಸುವ ದರದ ಎಚ್ಚರಿಕೆಯನ್ನು (ಪ್ರೈಸ್ ಅಲರ್ಟ್) ನಿಮ್ಮ ಮಾರ್ಗಕ್ಕೆ ಹಾಕಿಟ್ಟು ಕೆಲವು ವಾರ ಗಮನಿಸಿ. ಆಗ ಆ ಮಾರ್ಗದ ಸಾಮಾನ್ಯ ದರ ಎಷ್ಟೆಂಬ ಅಂದಾಜು ಸಿಗುತ್ತದೆ. ಇಷ್ಟಕ್ಕೆ ಇಳಿದರೆ ಕೊಳ್ಳುತ್ತೇನೆ ಎಂದು ಒಂದು ಮೊತ್ತವನ್ನು ಮನಸ್ಸಿನಲ್ಲಿ ನಿಗದಿ ಮಾಡಿಕೊಳ್ಳಿ. ಅದು ಬಂದ ದಿನ ಕೊಂಡು ಮುಗಿಸಿ, ಮತ್ತೆ ನೋಡಲು ಹೋಗಬೇಡಿ.

ಎರಡನೆಯ ಹೆಜ್ಜೆ: ಒಬ್ಬರಿಗಾಗಿ ಹುಡುಕಿ, ಆಮೇಲೆ ಎಲ್ಲರಿಗಾಗಿ

ಇದು ಕುಟುಂಬದೊಂದಿಗೆ ಹೊರಡುವವರಿಗೆ ತುಂಬ ಮುಖ್ಯ, ಆದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಎಕಾನಮಿಯಲ್ಲಿ ಸೀಟುಗಳೆಲ್ಲ ನೋಡಲು ಒಂದೇ ಆದರೂ ವಿಮಾನಯಾನ ಸಂಸ್ಥೆಗಳು ಅವುಗಳನ್ನು ಹಲವು ದರವರ್ಗಗಳಾಗಿ ಹಂಚಿ ಮಾರುತ್ತವೆ. ಪ್ರತಿ ವರ್ಗಕ್ಕೂ ಇಂಗ್ಲಿಷಿನ ಒಂದು ಅಕ್ಷರದ ಗುರುತು, ಒಂದಷ್ಟು ಸೀಟುಗಳ ಮಿತಿ. ಅತಿ ಅಗ್ಗದ ವರ್ಗದಲ್ಲಿ ಎರಡೇ ಸೀಟು ಉಳಿದಿವೆ ಎಂದಿಟ್ಟುಕೊಳ್ಳಿ. ನೀವು ನಾಲ್ವರಿಗೆ ಒಟ್ಟಿಗೆ ಹುಡುಕಿದರೆ, ನಾಲ್ಕು ಸೀಟು ಖಾಲಿ ಇರುವ ಮೇಲಿನ ವರ್ಗದ ದರವೇ ಸಾಮಾನ್ಯವಾಗಿ ನಾಲ್ವರಿಗೂ ಬೀಳುತ್ತದೆ. ಅಗ್ಗದ ಆ ಎರಡು ಸೀಟುಗಳು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಆದ್ದರಿಂದ ಮೊದಲು ಒಬ್ಬರಿಗೆ, ನಂತರ ಇಬ್ಬರಿಗೆ, ಕೊನೆಗೆ ನಾಲ್ವರಿಗೆ ಹುಡುಕಿ, ತಲಾ ದರವನ್ನು ಹೋಲಿಸಿ. ವ್ಯತ್ಯಾಸ ದೊಡ್ಡದಾಗಿದ್ದರೆ ಇಬ್ಬಿಬ್ಬರಂತೆ ಎರಡು ಬುಕಿಂಗ್ ಮಾಡಬಹುದು. ಆದರೆ ವಿಮಾನ ರದ್ದಾದ ದಿನ ಎರಡು ಬುಕಿಂಗ್‌ನವರನ್ನು ಬೇರೆ ಬೇರೆ ವಿಮಾನಗಳಿಗೆ ಹಾಕುವ ಸಾಧ್ಯತೆ ಇರುತ್ತದೆ. ಚಿಕ್ಕ ಮಕ್ಕಳಿದ್ದರೆ, ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಈ ಉಳಿತಾಯಕ್ಕೆ ಕೈ ಹಾಕಬೇಡಿ ಎಂದೇ ನನ್ನ ಸಲಹೆ.

ನೋಡನೋಡುತ್ತಿದ್ದಂತೆ ದರ ಏರಿತು, ನಾನು ಪದೇ ಪದೇ ಹುಡುಕಿದ್ದಕ್ಕೇ ಏರಿಸಿದರು ಎಂದು ಬಹಳ ಮಂದಿ ಭಾವಿಸುತ್ತಾರೆ. ಮೇಲೆ ಹೇಳಿದ ವರ್ಗದ ಸೀಟುಗಳು ಖಾಲಿಯಾಗಿರುವುದು, ಅಥವಾ ಹೋಲಿಕೆ ತಾಣ ಹಳೆಯ ದರವನ್ನು ತೋರಿಸುತ್ತಿದ್ದುದು, ಇವೇ ಅದಕ್ಕೆ ಸಾಮಾನ್ಯ ಕಾರಣ. ಬ್ರೌಸರಿನ ಕುಕೀ ಅಳಿಸುತ್ತ ಕೂರುವ ಸಮಯವನ್ನು ಇನ್ನೆರಡು ತಾರೀಖು ನೋಡಲು ಬಳಸಿ.

ಮೂರನೆಯ ಹೆಜ್ಜೆ: ಕಾಣುವ ದರಕ್ಕೆ ಕಾಣದ ದರ ಕೂಡಿಸಿ

ಹೋಲಿಕೆ ತಾಣದ ಪಟ್ಟಿಯಲ್ಲಿ ಮೊದಲು ಬರುವುದು ಹೆಚ್ಚಾಗಿ ಕಡಿಮೆ ದರದ ವಿಮಾನಯಾನ ಸಂಸ್ಥೆಗಳು. ಸಿಂಗಪುರ್ ಏರ್‌ಲೈನ್ಸ್ ಸಮೂಹದ ಸ್ಕೂಟ್ ಇರಬಹುದು, ಏರ್ ಏಷ್ಯಾ ಇರಬಹುದು. ಅವುಗಳ ಮೂಲ ದರದಲ್ಲಿ ಸೀಟು ಮತ್ತು ಕೈಚೀಲ ಮಾತ್ರ ಸೇರಿರುತ್ತದೆ. ಚೆಕ್-ಇನ್ ಲಗೇಜ್, ಊಟ, ಬೇಕಾದ ಸೀಟು ಎಲ್ಲಕ್ಕೂ ಬೇರೆ ಹಣ. ಲಗೇಜ್ ಬೇಕೇ ಬೇಕು ಎಂದಾದರೆ ಟಿಕೆಟ್ ಕೊಳ್ಳುವಾಗಲೇ ಸೇರಿಸಿಕೊಳ್ಳಿ. ಕೌಂಟರ್‌ನಲ್ಲಿ ತೂಕ ಹಾಕಿದ ಮೇಲೆ ಕಟ್ಟಲು ಹೋದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಮನೆಯಲ್ಲೇ ಕೈಚೀಲವನ್ನು ತೂಗಿ ನೋಡಿ. ಲ್ಯಾಪ್‌ಟಾಪ್ ಚೀಲವನ್ನೂ ಸೇರಿಸಿ ತೂಗುವ ಸಂಸ್ಥೆಗಳಿವೆ.

ಇನ್ನು ಇಳಿಯುವ ಹೊತ್ತು. ನಡುರಾತ್ರಿ ಚಾಂಗಿಗೆ ತಲುಪುವ ವಿಮಾನಗಳ ಟಿಕೆಟ್ ಹಲವು ಸಲ ಅಗ್ಗ. ಆದರೆ ನಗರಕ್ಕೆ ಹೋಗುವ ಕೊನೆಯ ಮೆಟ್ರೊ ರಾತ್ರಿ ಹನ್ನೊಂದು ದಾಟಿದ ಸ್ವಲ್ಪ ಹೊತ್ತಿಗೆ ಹೊರಟುಬಿಡುತ್ತದೆ. ಆಮೇಲೆ ಟ್ಯಾಕ್ಸಿಯೇ ಗತಿ. ಸಿಂಗಪುರದ ಮೀಟರ್ ಟ್ಯಾಕ್ಸಿಗಳಲ್ಲಿ ನಡುರಾತ್ರಿ ಹನ್ನೆರಡರಿಂದ ಬೆಳಗಿನ ಆರರವರೆಗೆ ಮೀಟರಿನ ಮೇಲೆ ಶೇ 50ರಷ್ಟು ಹೆಚ್ಚುವರಿ, ಅದರ ಜೊತೆಗೆ ವಿಮಾನ ನಿಲ್ದಾಣದಿಂದ ಹತ್ತಿದ್ದಕ್ಕೆ ಇನ್ನೊಂದು ಹೆಚ್ಚುವರಿ. ಅರ್ಧ ರಾತ್ರಿಗೆ ಹೋಟೆಲಿನ ಇಡೀ ದಿನದ ಬಾಡಿಗೆಯನ್ನೂ ಕೊಡಬೇಕು. ಬೆಳಗ್ಗೆ ಆರರ ನಂತರ ಇಳಿಯುವ ವಿಮಾನದ ಟಿಕೆಟ್ ಸ್ವಲ್ಪ ದುಬಾರಿಯೆನಿಸಿದರೂ ಕೊನೆಯ ಲೆಕ್ಕದಲ್ಲಿ ಅದೇ ಅಗ್ಗವಾಗುವುದುಂಟು.

ತಾರೀಖಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಟಿಕೆಟ್‌ನಲ್ಲಿರುವ ಸಮಯ ಆಯಾ ಊರಿನ ಗಡಿಯಾರದ್ದು. ಸಿಂಗಪುರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದೆ. 'ಶನಿವಾರ 00:40' ಎಂದಿದ್ದರೆ ನೀವು ನಿಲ್ದಾಣದಲ್ಲಿರಬೇಕಾದದ್ದು ಶುಕ್ರವಾರ ರಾತ್ರಿ. ಹಣ ಕಟ್ಟುವ ಮೊದಲು ಇದನ್ನು ಜೋರಾಗಿ ಓದಿ ಮನೆಯವರಿಗೆ ಹೇಳಿ. ಈ ಒಂದು ಸಾಲನ್ನು ತಪ್ಪಾಗಿ ಓದಿ ವಿಮಾನ ಕಳೆದುಕೊಂಡವರು ಬಹಳ.

ದಲ್ಲಾಳಿ ತಾಣದ ದರಕ್ಕೂ ವಿಮಾನಯಾನ ಸಂಸ್ಥೆಯ ಸ್ವಂತ ಜಾಲತಾಣದ ದರಕ್ಕೂ ಅಲ್ಪ ವ್ಯತ್ಯಾಸವಿದ್ದರೆ ಸಂಸ್ಥೆಯಲ್ಲೇ ಕೊಳ್ಳಿ. ವಿಮಾನದ ಸಮಯ ಬದಲಾದಾಗ, ಹಣ ವಾಪಸ್ ಬೇಕಾದಾಗ ನಡುವೆ ಇನ್ನೊಬ್ಬರಿದ್ದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಕಾರ್ಡಿನಲ್ಲಿ ಹಣ ಕಟ್ಟುವಾಗ ನಿಮ್ಮ ಊರಿನ ಹಣದಲ್ಲಿ ಕಟ್ಟುವಿರಾ ಎಂದು ಪರದೆ ಕೇಳಿದರೆ ಪರಿವರ್ತನೆಯ ದರ ನೋಡದೆ ಒಪ್ಪಬೇಡಿ.

ನಾಲ್ಕನೆಯ ಹೆಜ್ಜೆ: ಇಡೀ ಪಯಣಕ್ಕೆ ಒಂದೇ ಪಿಎನ್‌ಆರ್ ಇದೆಯೇ?

ಚಾಂಗಿಯಲ್ಲಿ ವಿಮಾನ ಬದಲಿಸುವವರು ಹಣ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಇದೇ. ಎರಡೂ ವಿಮಾನಗಳು ಒಂದೇ ಬುಕಿಂಗ್‌ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದಾಗ ನಿಮ್ಮನ್ನು ಊರು ಸೇರಿಸುವ ಹೊಣೆ ವಿಮಾನಯಾನ ಸಂಸ್ಥೆಯದು. ಸಾಮಾನ್ಯವಾಗಿ ಲಗೇಜ್ ಕೂಡ ಕೊನೆಯ ನಿಲ್ದಾಣದವರೆಗೆ ತಾನಾಗಿ ಹೋಗುತ್ತದೆ.

ಬೇರೆ ಬೇರೆ ಎರಡು ಟಿಕೆಟ್ ಕೊಂಡರೆ ಈ ಹೊಣೆ ಯಾರದ್ದೂ ಅಲ್ಲ. ಎರಡನೆಯ ಸಂಸ್ಥೆಯ ಕಣ್ಣಿಗೆ ನೀವು ಹೇಳದೆ ಕೇಳದೆ ಬಾರದೇ ಉಳಿದ ಪ್ರಯಾಣಿಕ. ಅದೇ ಟಿಕೆಟ್‌ನಲ್ಲಿ ಹಿಂತಿರುಗುವ ಪಯಣವಿದ್ದರೆ ಅದೂ ರದ್ದಾಗಬಹುದು. ಕೆಲವು ಹುಡುಕಾಟ ತಾಣಗಳು ಇಂಥ ಎರಡು ಟಿಕೆಟ್‌ಗಳನ್ನು ತಾವೇ ಜೋಡಿಸಿ ಒಂದೇ ಪಯಣವೆಂಬಂತೆ ತೋರಿಸುತ್ತವೆ. 'ಸೆಲ್ಫ್ ಟ್ರಾನ್ಸ್‌ಫರ್' ಎಂಬ ಸಣ್ಣ ಅಕ್ಷರಗಳು ಎಲ್ಲಾದರೂ ಕಂಡರೆ ಅದು ಈ ಬಗೆಯದ್ದು.

ಇದರಲ್ಲಿ ಇನ್ನೂ ಒಂದು ತೊಡಕಿದೆ. ಮೊದಲ ಸಂಸ್ಥೆಯ ದಾಖಲೆಯಲ್ಲಿ ನಿಮ್ಮ ಪಯಣ ಮುಗಿಯುವುದು ಸಿಂಗಪುರದಲ್ಲಿ. ಹಾಗಾಗಿ ಹೊರಡುವ ಊರಿನ ಕೌಂಟರ್‌ನಲ್ಲೇ ಸಿಂಗಪುರದ ವೀಸಾ ಕೇಳಬಹುದು. ಮುಂದಿನ ಟಿಕೆಟ್ ತೋರಿಸಿದರೂ, ನಿಮ್ಮ ಬಳಿ ಚೆಕ್-ಇನ್ ಲಗೇಜ್ ಇದ್ದರೆ ಅದನ್ನು ಪಡೆಯಲು ಇಮಿಗ್ರೇಷನ್ ದಾಟಿ ಹೊರಗೆ ಬರಲೇಬೇಕು, ಅದಕ್ಕೆ ವೀಸಾ ಇಲ್ಲವೇ ಐದನೆಯ ಹೆಜ್ಜೆಯಲ್ಲಿ ಹೇಳಿರುವ ವಿನಾಯಿತಿ ಬೇಕೇ ಬೇಕು. ಕೈಚೀಲ ಮಾತ್ರ ಇದ್ದು, ಎರಡೂ ವಿಮಾನಗಳ ಬೋರ್ಡಿಂಗ್ ಪಾಸ್ ಮೊದಲೇ ಮೊಬೈಲ್‌ನಲ್ಲಿದ್ದರೆ ಒಳಗೊಳಗೇ ದಾಟಿಕೊಳ್ಳಬಹುದು. ಆದರೆ ಎಲ್ಲ ಸಂಸ್ಥೆಗಳೂ ಆನ್‌ಲೈನ್ ಚೆಕ್-ಇನ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಪಾಸ್‌ಪೋರ್ಟ್ ಕಣ್ಣಾರೆ ನೋಡಬೇಕು ಎನ್ನುವವೂ ಇವೆ. ಹಣ ಕಟ್ಟುವ ಮೊದಲೇ ಎರಡನೆಯ ಸಂಸ್ಥೆಗೆ ಬರೆದು ಕೇಳಿ.

ಹಾಗಾದರೆ ಎಷ್ಟು ಉಳಿದರೆ ಎರಡು ಟಿಕೆಟ್ ಸರಿ? ನನ್ನ ಲೆಕ್ಕ ಹೀಗೆ. ಎರಡನೆಯ ವಿಮಾನ ತಪ್ಪಿದರೆ ಅದೇ ದಿನ ಹೊಸ ಟಿಕೆಟ್ ಕೊಳ್ಳಲು ಎಷ್ಟಾಗುತ್ತದೆ ಎಂದು ನೋಡಿ. ಆ ಹಣವನ್ನು ನಿಜವಾಗಿಯೂ ಕೊಡಬಲ್ಲಿರಾ, ಒಂದು ದಿನ ತಡವಾದರೆ ಏನೂ ಕೆಡುವುದಿಲ್ಲವೇ? ಎರಡಕ್ಕೂ ಹೌದು ಎನ್ನುವವರು ಮಾತ್ರ ಹೀಗೆ ಕೊಳ್ಳಬೇಕು. ಆಗಲೂ ನಡುವೆ ಐದಾರು ಗಂಟೆ ಬಿಡಬೇಕು, ದಿನದ ಕೊನೆಯ ವಿಮಾನವನ್ನು ಎರಡನೆಯದಾಗಿ ಆರಿಸಬಾರದು. ಮದುವೆಗೆ, ಪರೀಕ್ಷೆಗೆ, ಕೆಲಸಕ್ಕೆ ಸೇರಲು ಹೊರಟವರು ಒಂದೇ ಬುಕಿಂಗ್‌ನ ಟಿಕೆಟ್ ಕೊಳ್ಳಿ. ಒಂದೇ ಬುಕಿಂಗ್‌ನಲ್ಲಿ ಒಂದು ಗಂಟೆಯ ಅಂತರದ ವಿಮಾನ ತೋರಿಸಿದರೂ, ಎರಡು ಗಂಟೆಯದು ಸಿಕ್ಕರೆ ಅದನ್ನೇ ಆರಿಸಿ.

ಸ್ಕೂಟ್ ಮತ್ತು ಸಿಂಗಪುರ್ ಏರ್‌ಲೈನ್ಸ್ ಒಂದೇ ಸಮೂಹದವಾದ್ದರಿಂದ ಎರಡನ್ನೂ ಸೇರಿಸಿದ ಒಂದೇ ಬುಕಿಂಗ್ ಸಿಗುತ್ತದೆ. ಕಡಿಮೆ ದರವೂ ಬೇಕು, ಹೊಣೆಯೂ ಇರಬೇಕು ಎನ್ನುವವರು ಇದನ್ನು ಮೊದಲು ನೋಡಿ. ಆದರೆ ಅವೆರಡರ ಟಿಕೆಟ್‌ಗಳನ್ನು ನೀವೇ ಬೇರೆ ಬೇರೆಯಾಗಿ ಕೊಂಡರೆ ಈ ಅನುಕೂಲ ಸಿಗುವುದಿಲ್ಲ.

ಸಿಂಗಪುರಕ್ಕೆ ಅಂಟಿಕೊಂಡಂತಿರುವ ಮಲೇಷ್ಯಾದ ಜೊಹೊರ್ ಬಾರುವಿನ ಸೆನಾಯ್ ವಿಮಾನ ನಿಲ್ದಾಣದಿಂದ ಮಲೇಷ್ಯಾದ ಒಳಊರುಗಳಿಗೆ ಅಗ್ಗದ ವಿಮಾನಗಳು ಸಿಗುವುದುಂಟು. ಎರಡು ದೇಶಗಳ ನಡುವಿನ ಸೇತುವೆಯ ಮೇಲೆ ಬಸ್ಸಿನಲ್ಲಿ ಗಡಿ ದಾಟಬೇಕು, ಎರಡು ದೇಶಗಳ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು. ವಾರಾಂತ್ಯದಲ್ಲಿ ಆ ಸೇತುವೆಯ ಮೇಲಿನ ದಟ್ಟಣೆ ಕುಖ್ಯಾತ. ಸಮಯ ಧಾರಾಳವಾಗಿದ್ದವರಿಗೆ ಮಾತ್ರ.

ಐದನೆಯ ಹೆಜ್ಜೆ: ವೀಸಾ, ಅರೈವಲ್ ಕಾರ್ಡ್

ಭಾರತೀಯ ಪಾಸ್‌ಪೋರ್ಟ್ ಇರುವವರು ಸಿಂಗಪುರ ಪ್ರವೇಶಿಸಲು ವೀಸಾ ಪಡೆಯಬೇಕು. ಟ್ರಾನ್ಸಿಟ್ ಪ್ರದೇಶದಿಂದ ಹೊರಗೆ ಬರದೆ ವಿಮಾನ ಬದಲಿಸುವವರಿಗೆ ಇದು ಬೇಕಾಗುವುದಿಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಜರ್ಮನಿ, ಸ್ವಿಟ್ಜರ್ಲೆಂಡ್ ಇವುಗಳಲ್ಲೊಂದರ ಚಾಲ್ತಿಯ ವೀಸಾ ಮತ್ತು ಮುಂದಿನ ಪಯಣದ ಖಚಿತ ಟಿಕೆಟ್ ಇರುವ ಭಾರತೀಯರಿಗೆ ವೀಸಾ ಇಲ್ಲದೆ 96 ಗಂಟೆಯವರೆಗೆ ಸಿಂಗಪುರದಲ್ಲಿರುವ ಸೌಲಭ್ಯವಿದೆ. ಇದಕ್ಕೆ ಷರತ್ತುಗಳುಂಟು, ಕೊನೆಯ ತೀರ್ಮಾನ ಇಮಿಗ್ರೇಷನ್ ಅಧಿಕಾರಿಯದು. ಹೊರಡುವ ವಾರ ಐಸಿಎ, ಅಂದರೆ ಸಿಂಗಪುರದ ವಲಸೆ ಮತ್ತು ತಪಾಸಣಾ ಪ್ರಾಧಿಕಾರದ ಜಾಲತಾಣದಲ್ಲಿ ನಿಯಮಗಳನ್ನು ಮತ್ತೆ ಓದಿಕೊಳ್ಳಿ.

ಸಿಂಗಪುರದೊಳಕ್ಕೆ ಹೋಗುವ ಪ್ರತಿಯೊಬ್ಬ ವಿದೇಶಿ ಪ್ರವಾಸಿಯೂ ಎಸ್‌ಜಿ ಅರೈವಲ್ ಕಾರ್ಡ್ ತುಂಬಬೇಕು. ತಲುಪುವ ದಿನವೂ ಸೇರಿ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬುವ ಈ ಅರ್ಜಿ ಸಂಪೂರ್ಣ ಉಚಿತ. ಹುಡುಕಿದಾಗ ಸರ್ಕಾರಿ ತಾಣದಂತೆಯೇ ಕಾಣುವ, ಶುಲ್ಕ ಕೇಳುವ ತಾಣಗಳು ಎದುರಾಗುತ್ತವೆ. ಹಣ ಕೇಳಿದ ಕೂಡಲೇ ಅದನ್ನು ಮುಚ್ಚಿ ಐಸಿಎ ತಾಣಕ್ಕೆ ಹೋಗಿ. ಇದು ವೀಸಾಕ್ಕೆ ಬದಲಿ ಅಲ್ಲ, ಎರಡೂ ಬೇಕು. ಪಾಸ್‌ಪೋರ್ಟಿಗೆ ಈಗ ಮೊಹರು ಬೀಳುವುದಿಲ್ಲ, ಎಷ್ಟು ದಿನ ಇರಬಹುದು ಎಂಬ ವಿವರ ಇಮೇಲ್‌ನಲ್ಲಿ ಬರುತ್ತದೆ. ಹಾಗಾಗಿ ಅರ್ಜಿಯಲ್ಲಿ ಸರಿಯಾದ ಇಮೇಲ್ ವಿಳಾಸ ಕೊಡಿ, ಬಂದ ಪತ್ರವನ್ನು ತೆರೆದು ತಾರೀಖು ನೋಡಿಕೊಳ್ಳಿ.

ಆರನೆಯ ಹೆಜ್ಜೆ: ಚೀಲ ಕಟ್ಟುವಾಗ

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ಮಿತಿ 100 ವ್ಯಾಟ್-ಅವರ್. ಅದನ್ನು ಲೆಕ್ಕ ಹಾಕುವುದು ಸುಲಭ: ಪವರ್ ಬ್ಯಾಂಕ್ ಮೇಲೆ ಬರೆದಿರುವ ಎಂಎಎಚ್ (mAh) ಸಂಖ್ಯೆಯನ್ನು 1000ದಿಂದ ಭಾಗಿಸಿ 3.7ರಿಂದ ಗುಣಿಸಿ. 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್, ತೊಂದರೆಯಿಲ್ಲ. 30,000 ಎಂಎಎಚ್ ಎಂದರೆ 111. ಅದಕ್ಕೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು. ಸಿಂಗಪುರ್ ಏರ್‌ಲೈನ್ಸ್ ಮತ್ತು ಸ್ಕೂಟ್ ವಿಮಾನಗಳಲ್ಲಿ 2025ರ ಏಪ್ರಿಲ್ 1ರಿಂದ ಹಾರಾಟದ ವೇಳೆ ಪವರ್ ಬ್ಯಾಂಕ್‌ನಿಂದ ಮೊಬೈಲ್ ಚಾರ್ಜ್ ಮಾಡುವುದನ್ನು ನಿಷೇಧಿಸಲಾಗಿದೆ. ಹತ್ತುವ ಮೊದಲೇ ಫೋನಿಗೆ ಚಾರ್ಜ್ ತುಂಬಿಕೊಳ್ಳಿ.

ಸಿಂಗಪುರದೊಳಕ್ಕೆ ಹೋಗುವವರು ಇ-ಸಿಗರೇಟ್ ಮತ್ತು ಚೂಯಿಂಗ್ ಗಮ್ ಒಯ್ಯಬೇಡಿ. ಸಿಗರೇಟಿಗೂ ಅಲ್ಲಿ ಸುಂಕ ವಿನಾಯಿತಿ ಇಲ್ಲ. ಒಂದೇ ಪೊಟ್ಟಣವಾದರೂ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ಘೋಷಿಸಿ ಸುಂಕ ಕಟ್ಟಬೇಕು. ಗೊತ್ತಿರಲಿಲ್ಲ ಎಂದರೆ ಅಲ್ಲಿ ನಡೆಯುವುದಿಲ್ಲ.

ಲಗೇಜ್ ಒಪ್ಪಿಸಿದಾಗ ಅದಕ್ಕೆ ಅಂಟಿಸುವ ಪಟ್ಟಿಯನ್ನು ನೋಡದೆ ಕೌಂಟರ್ ಬಿಡಬೇಡಿ. ಅದರ ಮೇಲೆ ದೊಡ್ಡದಾಗಿ ಮೂರು ಅಕ್ಷರಗಳಿರುತ್ತವೆ. ಅದು ನೀವು ಕೊನೆಗೆ ಇಳಿಯುವ ಊರಿನ ಸಂಕೇತವಾಗಿರಬೇಕು. ಎಸ್, ಐ, ಎನ್ ಎಂಬ ಮೂರು ಅಕ್ಷರಗಳಿದ್ದರೆ ಪೆಟ್ಟಿಗೆ ಸಿಂಗಪುರದಲ್ಲೇ ಇಳಿಯುತ್ತದೆ. ಮುಂದೆ ಹೋಗಬೇಕಾದವರು ಆಗಲೇ ಕೇಳಿ ಸರಿಪಡಿಸಿಕೊಳ್ಳಬೇಕು.

ಏಳನೆಯ ಹೆಜ್ಜೆ: ಚಾಂಗಿಯಲ್ಲಿ ಇಳಿದ ಮೇಲೆ

1981ರಲ್ಲಿ ಒಂದು ಟರ್ಮಿನಲ್‌ನೊಂದಿಗೆ ಆರಂಭವಾದ ಚಾಂಗಿಯಲ್ಲಿ ಈಗ ನಾಲ್ಕು ಟರ್ಮಿನಲ್‌ಗಳಿವೆ. ಐದನೆಯದರ ನಿರ್ಮಾಣ 2025ರಲ್ಲಿ ಶುರುವಾಗಿದೆ. ದಾರಿ ತಿಳಿಯಲು ಗೇಟಿನ ಅಕ್ಷರ ಸಾಕು. ಎ ಮತ್ತು ಬಿ ಗೇಟುಗಳು ಮೂರನೆಯ ಟರ್ಮಿನಲ್‌ನಲ್ಲಿವೆ, ಸಿ ಮತ್ತು ಡಿ ಒಂದನೆಯದರಲ್ಲಿ, ಇ ಮತ್ತು ಎಫ್ ಎರಡನೆಯದರಲ್ಲಿ, ಜಿ ನಾಲ್ಕನೆಯದರಲ್ಲಿ. ನಿಮ್ಮ ಮುಂದಿನ ವಿಮಾನದ ಗೇಟ್ ಬಿ-5 ಎಂದು ಪರದೆಯಲ್ಲಿ ಕಂಡರೆ ಮೂರನೆಯ ಟರ್ಮಿನಲ್‌ಗೆ ಹೋಗಬೇಕು ಎಂದರ್ಥ, ಅಷ್ಟೇ. ಬೋರ್ಡಿಂಗ್ ಪಾಸಿನಲ್ಲಿ ಮೊದಲೇ ಮುದ್ರಿತವಾದ ಗೇಟ್ ಬದಲಾಗಿರಬಹುದು. ಇಳಿದ ತಕ್ಷಣ ಸಿಗುವ ಮೊದಲ ಪರದೆಯನ್ನೇ ನಂಬಿ.

ಒಂದು, ಎರಡು, ಮೂರನೆಯ ಟರ್ಮಿನಲ್‌ಗಳಲ್ಲಿ ಬಂದಿಳಿದವರೂ ಹೊರಡುವವರೂ ಒಂದೇ ಸಭಾಂಗಣದಲ್ಲಿ ಬೆರೆಯುತ್ತಾರೆ. ವಿಮಾನದಿಂದ ಹೊರಬಿದ್ದ ಕೂಡಲೇ ಅಂಗಡಿಗಳ ನಡುವೆ ನಿಂತಿರುತ್ತೀರಿ. ಮುಂದೆ ಹೋಗುವವರು ಇಮಿಗ್ರೇಷನ್‌ನತ್ತ ಕರೆದೊಯ್ಯುವ 'ಅರೈವಲ್' ಫಲಕವನ್ನು ಹಿಡಿಯಬಾರದು. 'ಟ್ರಾನ್ಸ್‌ಫರ್' ಮತ್ತು ಟರ್ಮಿನಲ್ ಸಂಖ್ಯೆಯ ಫಲಕವನ್ನು ಹಿಡಿಯಬೇಕು. ಗುಂಪು ಹೋದತ್ತ ನಡೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಮುಂದಿನ ಬೋರ್ಡಿಂಗ್ ಪಾಸ್ ಇಲ್ಲದವರು ಮೊದಲು ತಮ್ಮ ಸಂಸ್ಥೆಯ ಟ್ರಾನ್ಸ್‌ಫರ್ ಕೌಂಟರ್ ಹುಡುಕಿ ಅದನ್ನು ಪಡೆದುಕೊಳ್ಳಬೇಕು, ಊಟ-ತಿಂಡಿ ಆಮೇಲೆ.

ಈ ಮೂರು ಟರ್ಮಿನಲ್‌ಗಳ ನಡುವೆ ಸ್ಕೈಟ್ರೇನ್ ಎಂಬ ಚಾಲಕರಹಿತ ಪುಟ್ಟ ರೈಲು ಉಚಿತವಾಗಿ ಓಡುತ್ತದೆ. ನಡುರಾತ್ರಿ ಕಳೆದ ಮೇಲೆ ಕೆಲವು ಗಂಟೆ ಅದು ನಿಲ್ಲುತ್ತದೆ; ಆಗ ಚಲಿಸುವ ಪಟ್ಟಿಗಳ ಮೇಲೆ ನಡೆದೇ ಹೋಗಬಹುದು. ನಾಲ್ಕನೆಯ ಟರ್ಮಿನಲ್ ಮಾತ್ರ ಪ್ರತ್ಯೇಕ. ಅಲ್ಲಿಗೆ ರೈಲಿಲ್ಲ, ಉಚಿತ ಷಟಲ್ ಬಸ್ಸಿನಲ್ಲೇ ಹೋಗಬೇಕು. ಟ್ರಾನ್ಸಿಟ್ ಪ್ರಯಾಣಿಕರಿಗೆ ಒಳಗಿನಿಂದಲೇ ಬಸ್ಸು, ಹೊರಗಿನಿಂದ ಬರುವವರಿಗೆ ಬೇರೆ ಬಸ್ಸು. ಟಿಕೆಟ್‌ನಲ್ಲಿ ನಾಲ್ಕನೆಯ ಟರ್ಮಿನಲ್ ಎಂದಿದ್ದರೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಎಂಟನೆಯ ಹೆಜ್ಜೆ: ನಡುವಿನ ಗಂಟೆಗಳು

ಚಾಂಗಿಯಲ್ಲಿ ಕಾಯುವುದಕ್ಕೆ ಹಣ ಖರ್ಚು ಮಾಡಬೇಕಾಗಿಲ್ಲ. ವೈಫೈ, ಕುಡಿಯುವ ನೀರು, ಕಾಲು ಚಾಚಿ ಮಲಗುವಂಥ ಕುರ್ಚಿಗಳು ಉಚಿತ. ಮೂರನೆಯ ಟರ್ಮಿನಲ್‌ನಲ್ಲಿ ಚಿಟ್ಟೆಗಳ ಉದ್ಯಾನ, ಸಿನಿಮಾ ಮಂದಿರ ಇವೆ. ಒಂದನೆಯದರಲ್ಲಿ ಪಾಪಾಸುಕಳ್ಳಿಗಳ ತೋಟ, ಎರಡನೆಯದರಲ್ಲಿ ಸೂರ್ಯಕಾಂತಿ ತೋಟ. ಎ.ಸಿ. ತಂಪು ಕೊರೆಯುತ್ತದೆ, ಮಕ್ಕಳಿಗೆ ಸ್ವೆಟರ್ ಕೈಯಲ್ಲೇ ಇರಲಿ. ನಿಜವಾಗಿ ನಿದ್ದೆ ಬೇಕೆನ್ನುವವರಿಗೆ ಇಮಿಗ್ರೇಷನ್ ದಾಟದೆಯೇ ಸಿಗುವ ಟ್ರಾನ್ಸಿಟ್ ಹೋಟೆಲುಗಳಿವೆ, ಗಂಟೆಗಳ ಲೆಕ್ಕದಲ್ಲಿ ಕೋಣೆ ಕೊಡುತ್ತವೆ.

ಎಲ್ಲರೂ ನೋಡಬೇಕೆನ್ನುವ ಜಲಪಾತ ಇರುವುದು ಜ್ಯುವೆಲ್ ಕಟ್ಟಡದಲ್ಲಿ. 2019ರಲ್ಲಿ ತೆರೆದ, ವಾಸ್ತುಶಿಲ್ಪಿ ಮೋಶೆ ಸಾಫ್ಡಿ ರೂಪಿಸಿದ ಈ ಗಾಜಿನ ಗುಮ್ಮಟದ ನಡುವಿನಿಂದ ನೀರು 40 ಮೀಟರ್ ಕೆಳಗೆ ಬೀಳುತ್ತದೆ. ಆದರೆ ಜ್ಯುವೆಲ್ ಇಮಿಗ್ರೇಷನ್‌ನ ಹೊರಗಿದೆ. ವೀಸಾ ಇಲ್ಲದ ಟ್ರಾನ್ಸಿಟ್ ಪ್ರಯಾಣಿಕರು ಒಳಹೋಗುವಂತಿಲ್ಲ. ಅವರಿಗೊಂದು ದಾರಿ ಇದೆ. ಎರಡನೆಯ ಮತ್ತು ಮೂರನೆಯ ಟರ್ಮಿನಲ್‌ಗಳ ನಡುವಿನ ಸ್ಕೈಟ್ರೇನ್ ಈ ಗುಮ್ಮಟದೊಳಗಿನಿಂದಲೇ ಹಾದುಹೋಗುತ್ತದೆ. ಕಿಟಕಿಗೆ ಹತ್ತಿರ ನಿಂತರೆ ಗಿಡಮರಗಳ ನಡುವೆ ಸುರಿಯುವ ನೀರು ಕೆಲವು ಕ್ಷಣ ಚೆನ್ನಾಗಿ ಕಾಣುತ್ತದೆ. ಸಮಯವಿದ್ದರೆ ಅದೇ ರೈಲಿನಲ್ಲಿ ಹಿಂದಕ್ಕೂ ಒಮ್ಮೆ ಹೋಗಿ ಬನ್ನಿ.

ಕನಿಷ್ಠ ಐದೂವರೆ ಗಂಟೆ, ಗರಿಷ್ಠ 24 ಗಂಟೆಯೊಳಗಿನ ಅಂತರವಿದ್ದು, ಸಿಂಗಪುರ ಪ್ರವೇಶಿಸುವ ಅರ್ಹತೆ ಇರುವ ಟ್ರಾನ್ಸಿಟ್ ಪ್ರಯಾಣಿಕರಿಗೆ ಸುಮಾರು ಎರಡೂವರೆ ಗಂಟೆಯ ಉಚಿತ ನಗರದರ್ಶನವೂ ಇದೆ. ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿಕೊಳ್ಳಿ.

ಒಂಬತ್ತನೆಯ ಹೆಜ್ಜೆ: ನಗರಕ್ಕೆ ಹೋಗುವವರಿಗೆ

ಮೆಟ್ರೊ ನಿಲ್ದಾಣ ಎರಡನೆಯ ಮತ್ತು ಮೂರನೆಯ ಟರ್ಮಿನಲ್‌ಗಳ ನಡುವೆ ನೆಲದಡಿಯಲ್ಲಿದೆ. ಅಲ್ಲಿಂದ ಎರಡನೆಯ ನಿಲ್ದಾಣವಾದ ತಾನಾ ಮೇರಾದಲ್ಲಿ ಇಳಿದು ಹಸಿರು ಮಾರ್ಗದ ರೈಲು ಹಿಡಿಯಬೇಕು. ನಗರದ ನಡುವಿಗೆ ಒಬ್ಬರಿಗೆ ಸುಮಾರು ಎರಡು ಸಿಂಗಪುರ ಡಾಲರ್. ಬೇರೆ ಕಾರ್ಡ್ ಕೊಳ್ಳಬೇಕಾಗಿಲ್ಲ. ತಾಗಿಸಿ ಹಣ ಕಟ್ಟಬಹುದಾದ (ಕಾಂಟ್ಯಾಕ್ಟ್‌ಲೆಸ್) ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿದರಾಯಿತು. ವಿದೇಶಿ ಕಾರ್ಡಿಗೆ ಸಣ್ಣ ಶುಲ್ಕ ಸೇರುತ್ತದೆ. ಒಬ್ಬರಿಗೆ ಒಂದು ಕಾರ್ಡ್ ಎಂಬುದು ನೆನಪಿರಲಿ, ಒಂದೇ ಕಾರ್ಡಿನಲ್ಲಿ ಇಬ್ಬರು ದಾಟುವಂತಿಲ್ಲ. ರೈಲಿನಲ್ಲಿ ತಿನ್ನುವುದು, ನೀರು ಕುಡಿಯುವುದು ಕೂಡ ನಿಷಿದ್ಧ. ದಂಡ 500 ಡಾಲರ್‌ವರೆಗೆ ಇದೆ.

ನಾಲ್ಕು ಮಂದಿ, ಮೂರು ಪೆಟ್ಟಿಗೆ ಇದ್ದರೆ ಹಗಲು ಹೊತ್ತಿನಲ್ಲಿ ಟ್ಯಾಕ್ಸಿ ಕೂಡ ತಲಾ ಲೆಕ್ಕದಲ್ಲಿ ದುಬಾರಿಯಲ್ಲ.

ಹತ್ತನೆಯ ಹೆಜ್ಜೆ: ಹೊರಡುವ ದಿನ

ಸಿಂಗಪುರದಲ್ಲಿ ಕೊಂಡ ವಸ್ತುಗಳ ಬೆಲೆಯಲ್ಲಿ ಶೇ 9ರಷ್ಟು ಜಿಎಸ್‌ಟಿ ಸೇರಿರುತ್ತದೆ. ಪ್ರವಾಸಿಗರಿಗೆ ಈ ತೆರಿಗೆ ಮರಳಿಸುವ ಸೌಲಭ್ಯದಲ್ಲಿ ಭಾಗಿಯಾದ ಅಂಗಡಿಯಲ್ಲಿ 100 ಡಾಲರ್‌ಗಿಂತ ಕಡಿಮೆಯಿಲ್ಲದ ಖರೀದಿ ಮಾಡಿದ ಪ್ರವಾಸಿಗರು ವಿಮಾನ ನಿಲ್ದಾಣದ ಯಂತ್ರದಲ್ಲಿ ಅದನ್ನು ಮರಳಿ ಕೇಳಬಹುದು. ಸೇವಾ ಶುಲ್ಕ ಕಳೆದು ಹಣ ಬರುತ್ತದೆ. ಆ ವಸ್ತುಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವವರು ಪೆಟ್ಟಿಗೆ ಒಪ್ಪಿಸುವ ಮೊದಲೇ ಈ ಕೆಲಸ ಮುಗಿಸಬೇಕು, ಏಕೆಂದರೆ ಅಧಿಕಾರಿಗಳು ವಸ್ತು ತೋರಿಸಿ ಎನ್ನಬಹುದು. ಅದಕ್ಕಾಗಿ ಮುಕ್ಕಾಲು ಗಂಟೆ ಮೊದಲೇ ಬನ್ನಿ.

ಭದ್ರತಾ ತಪಾಸಣೆಯ ವಿಷಯದಲ್ಲಿ ಚಾಂಗಿ ಬಹುತೇಕ ನಿಲ್ದಾಣಗಳಿಗಿಂತ ಭಿನ್ನ. ಒಂದು, ಎರಡು, ಮೂರನೆಯ ಟರ್ಮಿನಲ್‌ಗಳಲ್ಲಿ ಇಮಿಗ್ರೇಷನ್ ದಾಟಿದಾಗ ಚೀಲ ತಪಾಸಣೆ ಆಗುವುದಿಲ್ಲ. ಅದು ನಡೆಯುವುದು ಗೇಟಿನ ಬಾಗಿಲಲ್ಲೇ. ಟ್ರಾನ್ಸಿಟ್ ಪ್ರಯಾಣಿಕರಿಗೂ ಇದೇ ಕ್ರಮ. ಹಾಗಾಗಿ ಗೇಟ್ ಮುಚ್ಚುವ ಸಮಯಕ್ಕೆ ಸರಿಯಾಗಿ ಓಡಿಬಂದರೆ ಎದುರಿಗೆ ಇಡೀ ವಿಮಾನದವರ ಸಾಲು ನಿಂತಿರುತ್ತದೆ. ಹೊರಡುವುದಕ್ಕೆ ಒಂದು ಗಂಟೆ ಮೊದಲು ಗೇಟಿನ ಹತ್ತಿರ ಇರಿ. ಒಳಗೆ ಹೋದ ಮೇಲೆ ಅಂಗಡಿಗಳಿಲ್ಲ. ತಿನ್ನುವುದು, ಶೌಚಾಲಯಕ್ಕೆ ಹೋಗುವುದು ಎಲ್ಲ ಮೊದಲೇ ಆಗಲಿ. ಬಾಟಲಿಯ ನೀರನ್ನು ಅಲ್ಲೇ ಕುಡಿದು ಖಾಲಿ ಮಾಡಬೇಕಾಗುತ್ತದೆ. ನಾಲ್ಕನೆಯ ಟರ್ಮಿನಲ್‌ನಲ್ಲಿ ಮಾತ್ರ ತಪಾಸಣೆ ಎಲ್ಲರಿಗೂ ಮೊದಲೇ ಒಂದೇ ಕಡೆ ಮುಗಿಯುವುದರಿಂದ, ಅದನ್ನು ದಾಟಿದ ಮೇಲೆ ತುಂಬಿಸಿಕೊಂಡ ಬಾಟಲಿಯನ್ನು ವಿಮಾನದವರೆಗೂ ಒಯ್ಯಬಹುದು. ಸುಂಕರಹಿತ ಅಂಗಡಿಯಲ್ಲಿ ಕೊಂಡ ದ್ರವಪದಾರ್ಥಗಳನ್ನು ಅಂಗಡಿಯವರು ಮುದ್ರೆ ಒತ್ತಿದ ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಾರೆ. ಮುಂದೆ ಇನ್ನೊಂದು ನಿಲ್ದಾಣದಲ್ಲಿ ವಿಮಾನ ಬದಲಿಸುವವರು ಆ ಚೀಲವನ್ನು ಊರು ಮುಟ್ಟುವವರೆಗೆ ಒಡೆಯಬೇಡಿ, ರಸೀದಿಯನ್ನು ಅದರೊಳಗೇ ಬಿಡಿ.